ಹದಿನಾರನೆಯವನ ಒಂದು ಪಾಯಿಂಟು

ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಇನ್ನು ಎರಡು ವಾರ ಉಂಟು. ಮೊನ್ನೆ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ಅದರ ಮಾತು ಬಂತು. ಪಾಯಿಂಟು ಹೇಗೆ ಕೊಡುವುದು ಅಂತ. ಎಲ್ಲ ಕಡೆ ಇರುವ ಹಾಗೆ ಫಸ್ಟಿಗೆ ಐದು, ಸೆಕೆಂಡಿಗೆ ಮೂರು, ಥರ್ಡಿಗೆ ಒಂದು. ನಾಲ್ಕನೆಯವನಿಗೆ ಸೊನ್ನೆ. ಹಾಗೇ ಇರಲಿ ಎಂದು ಹೆಚ್ಚಿನವರ ಅಭಿಪ್ರಾಯ. "ಹೋದ ವರ್ಷ ಮಾಡಿದ ಎಡವಟ್ಟು ಈ ವರ್ಷ ಬೇಡ ಮಾಷ್ಟ್ರೆ, ನನಗೆ ಐದು ಗಂಟೆಯ ಬಸ್ಸು ತಪ್ಪಿತ್ತು" ಎಂದು ಟೀಚರೊಬ್ಬರು ನಗುತ್ತಲೇ ಹೇಳಿದರು. ನಗುತ್ತ ಹೇಳಿದರೂ ಮಾತು ನಗೆಯದ್ದಲ್ಲ ಅಂತ ನನಗೆ ಗೊತ್ತಾಯಿತು. ನಾನು ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಎಡವಟ್ಟು ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ಒಂದು ಈಜುಕೊಳದ ಕಥೆ.

ನಾನೇನೂ ಈಜುಕೊಳದಲ್ಲಿ ಈಜಿದವನಲ್ಲ. ಈಜು ಕಲಿತದ್ದು ಅಡಕೆ ತೋಟದ ಕೆರೆಯಲ್ಲಿ. ಒಣಗಿದ ತೆಂಗಿನಕಾಯಿ ಎರಡನ್ನು ಸಿಪ್ಪೆ ಸಮೇತ ಜೋಡಿಸಿ ಕಟ್ಟಿ, ಅದರ ನಡುವೆ ಹೊಟ್ಟೆ ಇಟ್ಟು ಕಾಲು ಬಡಿಯುವುದು. ಸ್ಪರ್ಧೆ ಎಂದರೆ ಆಚೆ ದಡದ ಕಲ್ಲು ಮುಟ್ಟಿ ಬರುವುದು, ಅಷ್ಟೇ. ನಮ್ಮ ಕೇರಳದಲ್ಲಿ ಪ್ಲಸ್ ವನ್ ಪ್ರವೇಶಕ್ಕೆ ಈಜು ಬಲ್ಲ ಮಕ್ಕಳಿಗೆ ಎರಡು ಬೋನಸ್ ಪಾಯಿಂಟು ಕೊಡುವ ಕ್ರಮ ಕೆಲವು ವರ್ಷ ಇತ್ತಲ್ಲ, 2022ರಲ್ಲಿ ಅದನ್ನು ತೆಗೆದರು. ಅದು ಇರುವಷ್ಟು ದಿನ ಈಜಿಗೂ ಸರ್ಟಿಫಿಕೇಟು, ಸೀಲು ಎಂದೆಲ್ಲ ಓಡಾಟ ನೋಡಿದ್ದೆ. ಅದು ಬಿಟ್ಟರೆ ಈಜು ಮತ್ತು ಪಾಯಿಂಟು, ಈ ಎರಡು ಶಬ್ದ ನನ್ನ ತಲೆಯಲ್ಲಿ ಒಟ್ಟಿಗೆ ಬಂದದ್ದೇ ಇಲ್ಲ.

ಅಕ್ಕನ ಮಗ ಅಮೆರಿಕದ ಓಹಿಯೋ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಒಂದು ದಿನ ಫೋನಿನಲ್ಲಿ ಅದೂ ಇದೂ ಮಾತಾಡುವಾಗ "ಮಾವ, ಇಲ್ಲಿ ಹತ್ತಿರ ಒಂದು ಸಣ್ಣ ಕಾಲೇಜು ಉಂಟು. ಈಜಿನಲ್ಲಿ ಒಂದೇ ಸಮನೆ 31 ವರ್ಷ ಗೆದ್ದಿತ್ತಂತೆ. ಮತ್ತೆ ಒಂದೇ ಒಂದು ಪಾಯಿಂಟಿನಲ್ಲಿ ಸೋತಿತಂತೆ" ಎಂದ. ಅವನಿಗೆ ಅದು ಸುಮ್ಮನೆ ಒಂದು ಸುದ್ದಿ. ನನಗೆ ನಿದ್ದೆ ಬರಲಿಲ್ಲ. ಒಂದು ಪಾಯಿಂಟಿನಲ್ಲಿ ಸೋಲುವುದು ಹೇಗೆ? ಈಜುವುದು ಒಬ್ಬೊಬ್ಬರೇ ಅಲ್ಲವಾ, ಕಬಡ್ಡಿಯ ಹಾಗೆ ತಂಡ ಎಲ್ಲಿಂದ ಬಂತು? ಹುಡುಕಿ ಓದುತ್ತಾ ಹೋದೆ.

ಕಾಲೇಜಿನ ಹೆಸರು ಕೆನ್ಯನ್. ಓಹಿಯೋದ ಗ್ಯಾಂಬಿಯರ್ ಎಂಬ ಹಳ್ಳಿಯಲ್ಲಿದೆ, 1824ರಲ್ಲಿ ಶುರುವಾದದ್ದು. ಇವತ್ತಿಗೂ ಅಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ವಿದ್ಯಾರ್ಥಿಗಳು. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದು ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ. (ನಮಗೆ ಡಿವಿಷನ್ ಎಂದ ಕೂಡಲೇ ಬೇರೆಯೇ ಒಂದು ನೆನಪಾಗುತ್ತದೆ, ಅದೂ ಆಮೇಲೆ!) ಕೆನ್ಯನ್ ಇರುವುದು ಮೂರನೇ ಡಿವಿಷನಿನಲ್ಲಿ. ಅಲ್ಲಿ ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ನೀನು ಚೆನ್ನಾಗಿ ಈಜುತ್ತೀಯ ಎಂದು ಫೀಸಿನಲ್ಲಿ ಒಂದು ಡಾಲರ್ ಬಿಡುವ ಹಾಗಿಲ್ಲ. ಬೆಳಿಗ್ಗೆ ಕತ್ತಲೆಗೇ ಎದ್ದು ನೀರಿಗೆ ಹಾರುವುದು ಈಜಿನ ಆಸೆಗೆ, ಜೊತೆಯವರ ಆಸೆಗೆ.

ಈ ಕಾಲೇಜಿನ ಹುಡುಗರು 1980ರಿಂದ 2010ರವರೆಗೆ ಒಂದು ವರ್ಷವೂ ಬಿಡದೆ ರಾಷ್ಟ್ರೀಯ ಚಾಂಪಿಯನ್‌ಗಳಾದರು. ಹುಡುಗಿಯರು 1984ರಿಂದ 2000ದವರೆಗೆ 17 ವರ್ಷ. ತರಬೇತುದಾರ ಜಿಮ್ ಸ್ಟೀನ್ ಎಂಬವರು. 1970ರ ದಶಕದ ನಡುವಿನಲ್ಲಿ ಅಲ್ಲಿಗೆ ಬಂದವರು 2012ರಲ್ಲಿ ನಿವೃತ್ತರಾಗುವಾಗ ಹುಡುಗ ಹುಡುಗಿಯರ ತಂಡ ಸೇರಿ ಅವರ ಹೆಸರಿನಲ್ಲಿ ಐವತ್ತು ರಾಷ್ಟ್ರೀಯ ಪ್ರಶಸ್ತಿ.

ನನಗೆ ಆಶ್ಚರ್ಯವಾದದ್ದು ಐವತ್ತರ ಸಂಖ್ಯೆಯಲ್ಲಲ್ಲ. ಅಲ್ಲಿ ಡಿಗ್ರಿ ನಾಲ್ಕು ವರ್ಷ. ನಾಲ್ಕು ವರ್ಷವಾದರೆ ಹುಡುಗ ಹೊರಗೆ. ಹಾಗಾದರೆ 31 ವರ್ಷದಲ್ಲಿ ಆ ತಂಡ ಪೂರ್ತಿಯಾಗಿ ಏಳೆಂಟು ಸಲ ಬದಲಾಗಿದೆ. 2010ರಲ್ಲಿ ಗೆದ್ದ ಹುಡುಗರು 1980ರಲ್ಲಿ ಹುಟ್ಟಿಯೇ ಇರಲಿಲ್ಲ! ಹಾಗಾದರೆ ಗೆದ್ದದ್ದು ಯಾರು? ನಮ್ಮ ಶಾಲೆಯೂ ಹಾಗೆಯೇ ಅಲ್ಲವಾ. ಏಳನೇ ಕ್ಲಾಸಿನವರು ಮಾರ್ಚಿನಲ್ಲಿ ಹೋಗುತ್ತಾರೆ, ಜೂನಿನಲ್ಲಿ ಒಂದನೇ ಕ್ಲಾಸಿನವರು ಅಳುತ್ತಾ ಬರುತ್ತಾರೆ. ಶಾಲೆಗೆ ಒಂದು ಸ್ವಭಾವ ಎಂದು ಇದ್ದರೆ ಅದು ಮಕ್ಕಳಿಂದ ಮಕ್ಕಳಿಗೆ ದಾಟಬೇಕು. ಅದು ದಾಟುವುದು ಭಾಷಣದಿಂದ ಅಂತೂ ಅಲ್ಲ, ಇಪ್ಪತ್ತು ವರ್ಷ ಅಸೆಂಬ್ಲಿಯಲ್ಲಿ ಭಾಷಣ ಮಾಡಿ ನನಗೆ ಗೊತ್ತುಂಟು.

ಅವರ ವರ್ಷ ನಡೆಯುವುದು ಹೀಗೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಯಾರಿ ಶುರು. ಚಳಿಗಾಲ ಪೂರ್ತಿ ಎರಡೆರಡು ಕಾಲೇಜುಗಳ ನಡುವೆ ಪಂದ್ಯ, ಅದಕ್ಕೆ ಡ್ಯುಯಲ್ ಮೀಟ್ ಎನ್ನುತ್ತಾರೆ. ಹೊರಗೆ ಹಿಮ, ಒಳಗೆ ಬೆಚ್ಚಗಿನ ನೀರು. ಫೆಬ್ರವರಿಯಲ್ಲಿ ಆ ವಲಯದ ಕಾಲೇಜುಗಳ ಕೂಟ, ಮಾರ್ಚಿನಲ್ಲಿ ರಾಷ್ಟ್ರೀಯ ಕೂಟ. ತಿಂಗಳುಗಟ್ಟಲೆ ದಣಿದ ಮೈಯಲ್ಲೇ ಪಂದ್ಯಕ್ಕೆ ಇಳಿಯುತ್ತಾರೆ. ಅಲ್ಲಿ ಸೋತರೂ ತಲೆಬಿಸಿ ಇಲ್ಲ. ದೊಡ್ಡ ಕೂಟಕ್ಕೆ ಎರಡು ಮೂರು ವಾರ ಇರುವಾಗ ದಿನದ ಈಜನ್ನು ಕಡಿಮೆ ಮಾಡುತ್ತಾ ಬರುತ್ತಾರೆ. ಅದಕ್ಕೆ ಟೇಪರ್ ಎಂದು ಹೆಸರು. ಮೈಗೆ ವಿಶ್ರಾಂತಿ ಸಿಕ್ಕಿ ಕೂಟದ ದಿನ ಪೂರ್ತಿ ಬಲ ಹೊರಗೆ ಬರಬೇಕು ಎಂದು ಲೆಕ್ಕ. ನಾವು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದ ಹಾಗೆ ರಾತ್ರಿ ತರಗತಿ ಇಡುತ್ತೇವೆ. ಪೂರ್ತಿ ಉಲ್ಟಾ! ಅದರ ಬಗ್ಗೆ ಇನ್ನೊಂದು ಸಲ ಬರೆಯಬೇಕು.

ಇನ್ನು ಪಾಯಿಂಟಿನ ವಿಷಯಕ್ಕೆ ಬರುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ಇದೇ.

ರಾಷ್ಟ್ರೀಯ ಕೂಟದಲ್ಲಿ ಒಂದು ಸ್ಪರ್ಧೆಯಲ್ಲಿ ಬೆಳಿಗ್ಗೆ ಎಲ್ಲರೂ ಈಜುತ್ತಾರೆ. ಸಂಜೆ ಮೊದಲ ಎಂಟು ಮಂದಿಗೆ ಒಂದು ಫೈನಲ್. ಅದರ ನಂತರದ ಎಂಟು ಮಂದಿಗೂ ಇನ್ನೊಂದು ಫೈನಲ್. ಪಾಯಿಂಟು ಹದಿನಾರು ಜನರಿಗೆ. ಮೊದಲನೆಯವನಿಗೆ 20, ಎರಡನೆಯವನಿಗೆ 17, ಆಮೇಲೆ 16, 15, 14, 13, 12, 11. ಒಂಬತ್ತನೆಯವನಿಗೆ 9, ಹತ್ತನೆಯವನಿಗೆ 7, ಹಾಗೆ ಇಳಿಯುತ್ತಾ ಹದಿನಾರನೆಯವನಿಗೆ 1. ರಿಲೇಗೆ ಎಲ್ಲವೂ ಇಮ್ಮಡಿ. ಒಬ್ಬ ಹುಡುಗ ವೈಯಕ್ತಿಕವಾಗಿ ಈಜಬಹುದಾದದ್ದು ಮೂರೇ ಸ್ಪರ್ಧೆ. ಎಷ್ಟು ದೊಡ್ಡ ಶೂರನಾದರೂ ಅವನೊಬ್ಬನೇ ತರುವುದು ಹೆಚ್ಚೆಂದರೆ 60. ಚಾಂಪಿಯನ್ ಆಗಲಿಕ್ಕೆ ಆ ವರ್ಷ ಬೇಕಾದದ್ದು ಐನೂರು! ಉಳಿದದ್ದು ಎಲ್ಲಿಂದ ಬರಬೇಕು? ಆರನೆಯವನಿಂದ, ಹನ್ನೊಂದನೆಯವನಿಂದ, ಹದಿನಾರನೆಯವನಿಂದ. ರಿಲೇಗಳೇ ಐದು. ಅದರಲ್ಲಿ ಎರಡು ಮೆಡ್ಲೆ, ಅಂದರೆ ಒಬ್ಬ ಅಂಗಾತ ಈಜಬೇಕು, ಒಬ್ಬ ಕಪ್ಪೆಯ ಹಾಗೆ, ಒಬ್ಬ ಚಿಟ್ಟೆಯ ಹಾಗೆ, ಕೊನೆಯವ ತನಗೆ ಬೇಕಾದ ಹಾಗೆ. ನಾಲ್ವರೂ ಒಂದೇ ರೀತಿಯ ಜಾಣರಾದರೆ ಮೆಡ್ಲೆ ರಿಲೇ ಈಜಲಿಕ್ಕೆ ಆಗುವುದೇ ಇಲ್ಲ.

2011ರ ಮಾರ್ಚಿನಲ್ಲಿ ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಕೂಟ. ಕೆನ್ಯನ್‌ಗೆ ಎದುರಾಳಿ ಡೆನಿಸನ್ ಎಂಬ ವಿಶ್ವವಿದ್ಯಾಲಯ. ಎಲ್ಲಿಯೋ ದೂರದ್ದಲ್ಲ, ಅದೇ ಓಹಿಯೋದ್ದು. ಎರಡು ಊರುಗಳ ನಡುವೆ ನಲವತ್ತು ಚಿಲ್ಲರೆ ಕಿಲೋಮೀಟರ್, ನಮ್ಮ ಕಾಸರಗೋಡಿನಿಂದ ಮಂಗಳೂರಿಗೆ ಇರುವಷ್ಟೂ ಇಲ್ಲ. ಡೆನಿಸನ್‌ನ ತರಬೇತುದಾರ ಗ್ರೆಗ್ ಪರೀನಿ ಎಂಬವರು ತಾನೇ ಕೆನ್ಯನ್‌ನಲ್ಲಿ ಓದಿ ಸ್ಟೀನ್ ಕೈಕೆಳಗೆ ಈಜಿದವರು. ಗುರುವಿನ ಎದುರಿಗೆ ಶಿಷ್ಯ! ನಮ್ಮ ತಾಳಮದ್ದಳೆಯಲ್ಲಿ ಭೀಷ್ಮ ಪರಶುರಾಮರ ಪ್ರಸಂಗಕ್ಕೆ ಎಷ್ಟು ಜನ ಸೇರುತ್ತಾರೆ ಎಂದು ನಿಮಗೆ ಗೊತ್ತಲ್ಲ.

ಕೊನೆಗೆ ಲೆಕ್ಕ ಬಂದದ್ದು: ಡೆನಿಸನ್ 500.5, ಕೆನ್ಯನ್ 499.5.

ಒಟ್ಟು ಕೂಡಿಸಿದರೆ ಸರಿಯಾಗಿ ಒಂದು ಸಾವಿರ. ಗಣಿತದ ಮಾಷ್ಟ್ರಿಗೆ ಇದಕ್ಕಿಂತ ಚೆಂದದ ಲೆಕ್ಕ ಬೇಕಾ?

ಆ ಅರ್ಧ ಎಲ್ಲಿಂದ ಬಂತು ಎಂದು ಕೇಳಬಹುದು. ಇಬ್ಬರು ಒಂದೇ ಹೊತ್ತಿಗೆ ಗೋಡೆ ಮುಟ್ಟಿದರೆ ಎರಡು ಸ್ಥಾನದ ಪಾಯಿಂಟನ್ನು ಕೂಡಿಸಿ ಸಮಪಾಲು. ಹನ್ನೊಂದು, ಹನ್ನೆರಡನೆಯ ಸ್ಥಾನಕ್ಕೆ ಇಬ್ಬರು ಸಮ ಬಂದರೆ ತಲಾ ಐದೂವರೆ. ಈಜಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಮಾತ್ರ ಅಳೆಯುತ್ತಾರೆ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಹೋಗುತ್ತಿದ್ದ ಕಾಲ ಒಂದಿತ್ತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ ಇಬ್ಬರದ್ದೂ 4 ನಿಮಿಷ 31.98 ಸೆಕೆಂಡ್. ಸಾವಿರದ ಎರಡು ಭಾಗದ ವ್ಯತ್ಯಾಸ ಹಿಡಿದು ಲಾರ್ಸನ್‌ಗೆ ಚಿನ್ನ ಕೊಟ್ಟರು. ಅಷ್ಟು ಹೊತ್ತಿನಲ್ಲಿ ಅವರು ಮುಂದೆ ಹೋಗಬಹುದಾದ ದೂರ ಮೂರು ಮಿಲಿಮೀಟರ್. ಕೊಳ ಕಟ್ಟುವಾಗ ಒಂದು ಲೇನಿಗೂ ಇನ್ನೊಂದಕ್ಕೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಹಾಗಾಗಿ ಆ ಬಳಿಕ ನಿಯಮ ಬದಲಾಯಿತು. 2016ರಲ್ಲಿ ರಿಯೋದಲ್ಲಿ ಸಿಮೋನ್ ಮ್ಯಾನುವೆಲ್, ಪೆನ್ನಿ ಒಲೆಕ್ಸಿಯಾಕ್ ಇಬ್ಬರಿಗೂ ಚಿನ್ನ ಕೊಟ್ಟದ್ದು ಅದೇ ನಿಯಮದಿಂದ. ಅಳೆಯಲಾಗದ್ದನ್ನು ಅಳೆದೆ ಎಂದು ಹೇಳಬಾರದು ಎಂಬ ಮರ್ಯಾದೆ ಅದರಲ್ಲಿದೆ. ನಾವು ಅರ್ಧ ಅಂಕಕ್ಕೆ ರ‍್ಯಾಂಕು ಹಚ್ಚುವವರು...

ಈಗ ಆ ಒಂದು ಪಾಯಿಂಟನ್ನು ನೋಡಿ. ನಾಲ್ಕು ದಿನದ ಕೂಟದಲ್ಲಿ ಎಲ್ಲಿಯಾದರೂ, ಯಾವ ಸ್ಪರ್ಧೆಯಲ್ಲಾದರೂ, ಹದಿನೈದನೆಯವನಾದ ಕೆನ್ಯನ್ ಹುಡುಗನೊಬ್ಬ ತನ್ನ ಮುಂದಿದ್ದ ಡೆನಿಸನ್ ಹುಡುಗನನ್ನು ಒಂದು ಬೆರಳು ದಾಟಿದ್ದರೆ ಏನಾಗುತ್ತಿತ್ತು? ಕೆನ್ಯನ್‌ಗೆ ಒಂದು ಸೇರುತ್ತಿತ್ತು, ಡೆನಿಸನ್‌ಗೆ ಒಂದು ಇಳಿಯುತ್ತಿತ್ತು. 500.5 ಆಚೆಯಿಂದ ಈಚೆ ಬರುತ್ತಿತ್ತು. ಹದಿನಾಲ್ಕನೆಯವನೂ ಹದಿನೈದನೆಯವನೂ ಸೇರಿ 31 ವರ್ಷದ ದಾಖಲೆಯನ್ನು ಉಳಿಸಬಹುದಾಗಿತ್ತು, ಅಥವಾ ಮುರಿಯಬಹುದಾಗಿತ್ತು. ಮುರಿದರು. ಡೆನಿಸನ್‌ನ ಹುಡುಗರ ತಂಡಕ್ಕೆ ಅದು ಮೊದಲ ಪ್ರಶಸ್ತಿ. ಆ ದಿನ ಅವರ ಕಡೆ ಹದಿನಾರನೆಯವನಾಗಿ ಬಂದ ಹುಡುಗನೊಬ್ಬ ಇದ್ದಿದ್ದರೆ ಅವನ ಹೆಸರು ಯಾವ ಪೇಪರಿನಲ್ಲೂ ಬಂದಿರಲಿಕ್ಕಿಲ್ಲ. ಆದರೆ ಅವನಿಗೆ ಗೊತ್ತಿರುತ್ತದೆ. ಅವನ ಪಕ್ಕ ನಿಂತು ಕಿರುಚಿದವರಿಗೂ ಗೊತ್ತಿರುತ್ತದೆ. (ಕೆನ್ಯನ್ 2013ರಲ್ಲಿ ಮತ್ತೆ ಗೆದ್ದಿತು. ಸೋತದ್ದರಿಂದ ಆಕಾಶ ಬೀಳಲಿಲ್ಲ.)

ಜೊತೆಯವನು ಈಜುವಾಗ ಉಳಿದವರು ಲೇನಿನ ತುದಿಯಲ್ಲಿ ನಿಂತು ಯಾಕೆ ಅಷ್ಟು ಬೊಬ್ಬೆ ಹಾಕುತ್ತಾರೆ ಎಂದು ನನಗೆ ಈಗ ಅರ್ಥವಾಗುತ್ತದೆ. ಟೀಮ್ ಸ್ಪಿರಿಟ್ ಎಂಬ ಶಬ್ದವನ್ನು ನಾವು ಎಲ್ಲ ಉದ್ಘಾಟನಾ ಭಾಷಣದಲ್ಲೂ ಕೇಳುತ್ತೇವೆ. ಅದು ಮನಸ್ಸಿನಲ್ಲಿ ತಾನಾಗಿ ಹುಟ್ಟುವ ಒಳ್ಳೆಯ ಗುಣ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ನಿಮ್ಮ ಜೊತೆಯವನು ಹದಿನೇಳನೆಯವನಾಗುವುದಕ್ಕೂ ಹದಿನಾರನೆಯವನಾಗುವುದಕ್ಕೂ ವ್ಯತ್ಯಾಸ ಇದೆ ಎಂದು ನಿಯಮವೇ ಹೇಳಿದರೆ ನೀವು ನಿಂತು ಬೊಬ್ಬೆ ಹಾಕುತ್ತೀರಿ. ನಾಲ್ಕನೆಯವನಿಗೂ ನಲವತ್ತನೆಯವನಿಗೂ ಒಂದೇ ಸೊನ್ನೆ ಎಂದರೆ ನೀವು ಐಸ್‌ಕ್ಯಾಂಡಿ ಅಂಗಡಿಗೆ ಹೋಗುತ್ತೀರಿ. ನಮ್ಮ ಮಕ್ಕಳು ಮಾಡುವುದು ಅದನ್ನೇ. ಅವರನ್ನು ಬಯ್ದು ಏನು ಪ್ರಯೋಜನ?

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಅಲ್ಲಿನ ಕಾಲೇಜು ಕೊಳ 25 ಗಜದ್ದು. ಅದರಲ್ಲಿ 1650 ಗಜದ ಒಂದು ಸ್ಪರ್ಧೆ ಉಂಟು, ನಮ್ಮ ಲೆಕ್ಕದಲ್ಲಿ ಒಂದೂವರೆ ಕಿಲೋಮೀಟರಿಗೆ ತುಸು ಹೆಚ್ಚು. ಈ ತುದಿಯಿಂದ ಆ ತುದಿಗೆ 66 ಸಲ. ತಲೆ ನೀರಿನೊಳಗೆ, ಉಸಿರು ಬಾಯಿಗೆ ಬಂದಿರುತ್ತದೆ, ಎಷ್ಟನೆಯ ಸಲ ಎಂದು ಲೆಕ್ಕ ತಪ್ಪುತ್ತದೆ. ಅದಕ್ಕೆ ಅದೇ ತಂಡದ ಒಬ್ಬ ಆಚೆ ತುದಿಯಲ್ಲಿ ಮೊಣಕಾಲೂರಿ ಕೂತು, ಅಂಕಿ ಇರುವ ಒಂದು ಫಲಕವನ್ನು ನೀರಿನೊಳಗೆ ಇಳಿಸಿ ಹಿಡಿಯುತ್ತಾನೆ. ಗೆಳೆಯ ಗೋಡೆಗೆ ಬರುವಾಗ ಕಾಣಬೇಕು. ಬೆಸ ಸಂಖ್ಯೆಗಳು ಮಾತ್ರ, 1, 3, 5, 7... ಕೊನೆಯ ಸುತ್ತಿಗೆ ಅಂಕಿ ಇಲ್ಲ, ಕೆಂಪು ಕಿತ್ತಳೆಯ ಫಲಕ. ಸುಮ್ಮನೆ ಹಿಡಿಯುವುದೂ ಅಲ್ಲ, ಗೆಳೆಯ ಹಿಂದೆ ಬಿದ್ದರೆ ಅದನ್ನು ನೀರಿನಲ್ಲಿ ಜೋರಾಗಿ ಅಲ್ಲಾಡಿಸುತ್ತಾನೆ, ಬಾ ಬಾ ಎಂದು. ಕಾಲು ಗಂಟೆಗೂ ಹೆಚ್ಚು ಹೊತ್ತು ಹೀಗೆ. ಅವನಿಗೆ ಪಾಯಿಂಟಿಲ್ಲ, ಪದಕ ಇಲ್ಲ. ಆದರೆ ಅವನಿಲ್ಲದೆ ಈಜುವವನಿಗೆ ತಾನೆಲ್ಲಿದ್ದೇನೆ ಎಂದೇ ಗೊತ್ತಾಗುವುದಿಲ್ಲ.

ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮದೇ ಒಂದು ಹುಡುಗಿ.

ಸುಮಾರು ಹದಿನಾಲ್ಕು, ಹದಿನೈದು ವರ್ಷದ ಹಿಂದಿನ ಮಾತು. ಉಪಜಿಲ್ಲಾ ಕ್ರೀಡಾಕೂಟ. ನಮ್ಮ ಕನ್ನಡ ವಿಭಾಗದಿಂದ ಹನ್ನೊಂದು ಮಕ್ಕಳನ್ನು ಜೀಪಿನಲ್ಲಿ ತುಂಬಿಸಿ ಕರಕೊಂಡು ಹೋಗಿದ್ದೆ. ಆರನೇ ಕ್ಲಾಸಿನ ಒಂದು ಹುಡುಗಿ 600 ಮೀಟರಿಗೆ ಹೆಸರು ಕೊಟ್ಟಿದ್ದಳು. ವೇಗ ಇಲ್ಲ, ಆದರೆ ನಿಲ್ಲಿಸುವವಳಲ್ಲ. ಶಾಲೆಯಲ್ಲಿ ಎಲ್ಲರೂ ಮುಗಿಸಿ ಕೂತ ಮೇಲೆ ಒಬ್ಬಳೇ ಓಡಿ ಮುಗಿಸುತ್ತಿದ್ದಳು. ಅವತ್ತು ಮೈದಾನದಲ್ಲಿ ದೊಡ್ಡ ದೊಡ್ಡ ಶಾಲೆಗಳ, ಸ್ಪೈಕ್ಸ್ ಹಾಕಿದ ಮಕ್ಕಳನ್ನು ನೋಡಿ ನನಗೇ ಅಳುಕಾಯಿತು. ಇವಳು ಕೊನೆಗೆ ಬರುತ್ತಾಳೆ, ಎಲ್ಲರೂ ನಗುತ್ತಾರೆ, ನಮ್ಮ ಶಾಲೆಯ ಹೆಸರು ಮೈಕಿನಲ್ಲಿ ಹೇಳುತ್ತಾರೆ ಎಂದೆಲ್ಲ ಯೋಚನೆ. "ಬಿಸಿಲು ಜೋರುಂಟು ಮಗಾ, ನೀನು ಓಡುವುದು ಬೇಡ. ಎಲ್ಲರ ಚೀಲ ನೋಡಿಕೊ, ಆಯ್ತಾ?" ಎಂದೆ. ಅವಳು "ಆಯ್ತು ಮಾಷ್ಟ್ರೆ" ಎಂದು ಹಲಸಿನ ಮರದಡಿ ಹತ್ತು ಚೀಲಗಳ ನಡುವೆ ಕೂತಳು. ಸಂಜೆಯವರೆಗೆ ಕೂತಿದ್ದಳು. ಒಂದು ಚೀಲವೂ ಹೋಗಲಿಲ್ಲ, ಒಂದು ಟಿಫಿನ್ ಡಬ್ಬಿಯೂ ಹೋಗಲಿಲ್ಲ. ಮರುವರ್ಷ ಹೆಸರು ಬರೆಸುವಾಗ ಅವಳು ಎದ್ದು ನಿಲ್ಲಲಿಲ್ಲ. ನಾನೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಕಂಕುಳಲ್ಲಿ ಮಗು. ನನಗೆ ಗುರುತು ಸಿಗಲಿಲ್ಲ, ಅವಳೇ ಮಾತಾಡಿಸಿದಳು. ಮನೆ, ಗಂಡ, ಎಲ್ಲ ವಿಚಾರಿಸಿ ಆದ ಮೇಲೆ ನಗುತ್ತಾ ಕೇಳಿದಳು: "ಈಗ ಸ್ಪೋರ್ಟ್ಸಿಗೆ ಹೋಗುವಾಗ ಚೀಲ ನೋಡಿಕೊಳ್ಳುವುದು ಯಾರು ಮಾಷ್ಟ್ರೆ?"

ಸಿಟ್ಟಿನಿಂದ ಕೇಳಿದ್ದಲ್ಲ. ಸಿಟ್ಟಿನಿಂದ ಕೇಳಿದ್ದರೆ ಒಳ್ಳೆಯದಿತ್ತು.

ಫಲಕ ಹಿಡಿದು ಕೂತವನೂ ಈಜಲಿಲ್ಲ, ಇವಳೂ ಓಡಲಿಲ್ಲ. ಆದರೆ ಅವನು ಕೂತದ್ದು ಪಂದ್ಯದ ಒಳಗೆ. ಇವಳನ್ನು ನಾನು ಕೂರಿಸಿದ್ದು ಹೊರಗೆ. ಟಿಸಿಎಚ್ ಕಲಿಯುವಾಗ ದೈಹಿಕ ಶಿಕ್ಷಣದ ಪೇಪರಿನಲ್ಲಿ ಟ್ರ್ಯಾಕ್ ಎಳೆಯುವ ಲೆಕ್ಕ, ವಾರ್ಮಪ್, ನಿಯಮ ಎಲ್ಲ ಬರೆದು ಒಳ್ಳೆಯ ಮಾರ್ಕು ತೆಗೆದಿದ್ದೆ. ಈ ವ್ಯತ್ಯಾಸ ಯಾವ ಪೇಪರಿನಲ್ಲೂ ಇರಲಿಲ್ಲ. ಇದ್ದಿದ್ದರೂ ನಾನು ಅವತ್ತು ಹಾಗೆಯೇ ಮಾಡುತ್ತಿದ್ದೆನೋ ಏನೋ.

ಈಗ ನಮ್ಮ ಡಿವಿಷನಿನ ವಿಷಯ. ಗಡಿಯ ಈಚೆ ಕನ್ನಡ ಶಾಲೆಯಲ್ಲಿ ಕಲಿಸುವವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಜೂನಿನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ತಲೆಲೆಕ್ಕ. ಆ ದಿನ ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳೋ ಅದರ ಮೇಲೆ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂದು ತೀರ್ಮಾನ. ಒಂದು ಮಗು ಕಮ್ಮಿಯಾದರೂ ಡಿವಿಷನ್ ಬಿತ್ತು. ಮೇ ತಿಂಗಳ ಬಿಸಿಲಿನಲ್ಲಿ ನಾವು ಮನೆ ಮನೆ ಹತ್ತಿ ಇಳಿದು, ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಲು ಹೊರಟ ತಂದೆ ತಾಯಿಯರ ಎದುರು ಕೂತು, ಕೊಟ್ಟ ಚಾ ಕುಡಿದು, ಒಂದೊಂದು ಮಗುವಿಗಾಗಿ ಬೇಡುತ್ತೇವೆ. ಒಮ್ಮೆ ಐದನೇ ದಿನ ಒಂದು ಮಗು ಟಿ.ಸಿ. ತೆಗೆದುಕೊಂಡು ಹೋಗಿ, ನನ್ನ ಜೊತೆಯ ಟೀಚರೊಬ್ಬರಿಗೆ ಬೇರೆ ಶಾಲೆಗೆ ಹೋಗಬೇಕಾಯಿತು. ಒಂದು ಪಾಯಿಂಟಿನಲ್ಲಿ ಸೋಲುವುದು ಏನೆಂದು ಕೆನ್ಯನ್‌ನವರಿಗಿಂತ ಮೊದಲೇ ನಮಗೆ ಗೊತ್ತುಂಟು!

ಆ ಆರನೇ ದಿನ ನಮಗೆ ಎಲ್ಲ ಮಕ್ಕಳೂ ಸಮಾನ. ಓದುವ ಮಗು, ಓದದ ಮಗು, ಓಡುವ ಮಗು, ಕುಂಟುವ ಮಗು, ಎಲ್ಲರಿಗೂ ಒಂದೊಂದು. ಏಳನೇ ದಿನದಿಂದ ಮೂರೇ ಮಕ್ಕಳು ಲೆಕ್ಕಕ್ಕೆ: ಫಸ್ಟು, ಸೆಕೆಂಡು, ಥರ್ಡು. ನನ್ನ ತಕರಾರು ಇಷ್ಟೇ. ನಮ್ಮ ಹುದ್ದೆ ಉಳಿಸಲು ಪ್ರತಿ ತಲೆಯನ್ನೂ ಎಣಿಸುವವರು ಮೈದಾನದಲ್ಲಿ ಯಾಕೆ ಎಣಿಸಬಾರದು?

ಇದಕ್ಕೆ ನಮ್ಮ ಸ್ಟಾಫ್ ರೂಮಿನಲ್ಲಿ ಬಂದ ಉತ್ತರವನ್ನೂ ಹೇಳಬೇಕು, ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. "ಎಲ್ಲರಿಗೂ ಪಾಯಿಂಟು ಕೊಟ್ಟರೆ ಗೆಲ್ಲಬೇಕೆಂಬ ಹಠ ಯಾರಿಗೆ ಇರುತ್ತದೆ? ಆಲ್ ಪಾಸಿನ ಹಾಗೆ ಆಗುತ್ತದೆ" ಎಂದು ಒಬ್ಬರು. ನಾನು ಕೆನ್ಯನ್ ಕಥೆ ಹೇಳಿದೆ. ಹದಿನಾರು ಜನರಿಗೆ ಪಾಯಿಂಟು ಕೊಡುವ ನಿಯಮದಡಿಯಲ್ಲೇ 31 ವರ್ಷ ಗೆದ್ದವರಿಗೆ ಹಠ ಕಮ್ಮಿ ಇತ್ತಾ? ಅಲ್ಲಿ ಮೊದಲನೆಯವನಿಗೆ ಇಪ್ಪತ್ತು, ಹದಿನಾರನೆಯವನಿಗೆ ಒಂದು. ದಯೆ ಏನೂ ಅಲ್ಲ. ಹದಿನೇಳನೆಯವನಿಗೆ ಸೊನ್ನೆಯೇ. ಆದರೆ ಆ ಗೆರೆ ಎಳೆದದ್ದು ಹೆಚ್ಚಿನವರು ಕೈ ಚಾಚಿದರೆ ಮುಟ್ಟಬಹುದಾದ ಕಡೆ. ಅದಕ್ಕವರು "ಅಮೆರಿಕದ ಕಾಲೇಜಿನ ಮಾತು ಇಲ್ಲಿ ಹೇಳಿದರೆ ಹೇಗೆ ಮಾಷ್ಟ್ರೆ, ನಮ್ಮಲ್ಲಿ ಓಡಲು ಮೈದಾನವೇ ಇಲ್ಲ" ಎಂದರು. ಅದೂ ಸರಿಯೇ. ನಮ್ಮ ಅಂಗಳದಲ್ಲಿ ನೂರು ಮೀಟರ್ ಎಳೆದರೆ ಕೊನೆಯ ಹತ್ತು ಮೀಟರ್ ಅಡುಗೆ ಕೋಣೆಯ ಸೌದೆ ರಾಶಿಗೆ ಹೋಗುತ್ತದೆ.

ಮತ್ತೆ, ಉಪಜಿಲ್ಲೆಯ ನಿಯಮವನ್ನು ನಾನು ಬದಲಿಸಲಾರೆ. ಅಲ್ಲಿ 5, 3, 1 ಇದ್ದದ್ದೇ. ಆದರೆ ನಮ್ಮ ಶಾಲೆಯೊಳಗಿನ ಕೂಟಕ್ಕೆ ನಾವೇ ನಿಯಮ. ಅದಕ್ಕೆ ಯಾವ ಆದೇಶವೂ ಬೇಡ.

ಹೋದ ವರ್ಷ ನಾನು ಮಾಡಿದ ಎಡವಟ್ಟು ಅದುವೇ. ಕೆಂಪು, ನೀಲಿ, ಹಸಿರು, ಹಳದಿ, ನಾಲ್ಕು ಹೌಸ್. ಎಲ್ಲ ಓಟದಲ್ಲೂ ಎಂಟನೆಯವರವರೆಗೆ ಪಾಯಿಂಟು, 8ರಿಂದ 1ರವರೆಗೆ. ರಿಲೇಗೆ ಇಮ್ಮಡಿ. ರಿಲೇಯಲ್ಲಿ ಒಮ್ಮೆ ಓಡಿದವರು ಇನ್ನೊಂದು ರಿಲೇಗೆ ಬರುವಂತಿಲ್ಲ, ಹಾಗಾಗಿ ಪ್ರತಿ ಹೌಸಿನ ಎಲ್ಲರೂ ಎಲ್ಲಿಯಾದರೂ ಒಂದು ಕಡೆ ಓಡಲೇಬೇಕು. ಕಾಗದದ ಮೇಲೆ ಬಹಳ ಚೆಂದ ಇತ್ತು.

ಆದದ್ದೇನು? ಗೊಂದಲವೋ ಗೊಂದಲ. ಮೂರನೆಯವರವರೆಗೆ ಹಿಡಿಯಲು ಮೂವರು ಟೀಚರ್ ಸಾಕು, ಎಂಟರವರೆಗೆ ಹಿಡಿಯಲು ಜನ ಇಲ್ಲ. ಆರನೆಯವನು ಯಾರು ಏಳನೆಯವನು ಯಾರು ಎಂದು ಜಗಳ. ಸಮ ಬಂದವರಿಗೆ ಅರ್ಧರ್ಧ ಬರೆದು ಬೋರ್ಡಿನಲ್ಲಿ ಎಲ್ಲ ಕಡೆ ಭಿನ್ನರಾಶಿ. ಮೂರೂವರೆಗೆ ಮುಗಿಯಬೇಕಾದದ್ದು ಐದು ಕಾಲಿಗೆ ಮುಗಿಯಿತು. ಪಿಟಿಎಯವರು ಮಾಡಿಸಿದ ಅವಲಕ್ಕಿ ಸಾಲಲಿಲ್ಲ. ಬಸ್ಸು ಹೋಯಿತು. ಎಚ್‌ಎಂ ನನ್ನನ್ನು ಆಫೀಸಿಗೆ ಕರೆದು ಎರಡು ಮಾತು ಹೇಳಿದರು, ಹೇಳಬೇಕಾದದ್ದೇ.

ಆದರೆ ಐದನೇ ಕ್ಲಾಸಿನ ಒಬ್ಬ ಹುಡುಗ ನೂರು ಮೀಟರಿನಲ್ಲಿ ಏಳನೆಯವನಾಗಿ ಬಂದಿದ್ದ. ಅವನಿಗೆ ಎರಡು ಪಾಯಿಂಟು. ಅವನು ಸ್ಕೋರ್ ಬರೆಯುವ ಬೆಂಚಿನ ಹತ್ತಿರ ನಾಲ್ಕು ಸಲ ಬಂದ. "ಮಾಷ್ಟ್ರೆ, ನನ್ನ ಎರಡು ಬರೆದಿದ್ದೀರಾ?" ಎಂದು. ನಾಲ್ಕು ಸಲವೂ ತೋರಿಸಿದೆ. ನಾಲ್ಕನೆಯ ಸಲ ಅವನ ಹಿಂದೆ ಹಳದಿ ಹೌಸಿನ ಕ್ಯಾಪ್ಟನೂ ಬಂದಿದ್ದ. ಏಳನೇ ಕ್ಲಾಸಿನವನು, ಶಾಲೆಗೇ ಮೊದಲಿಗ ಓಟಗಾರ, ಅಲ್ಲಿಯವರೆಗೆ ಈ ಪುಟ್ಟನ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ. ಬೋರ್ಡು ನೋಡಿ, "ಇವನ ಎರಡು ಸೇರಿದರೆ ನಮಗೆ ನೀಲಿಗಿಂತ ಒಂದು ಜಾಸ್ತಿ" ಎಂದು ಅವನ ತಲೆ ಸವರಿದ. ಆಮೇಲೆ ರಿಲೇಗಳಲ್ಲಿ ಹಳದಿ ಹಿಂದೆ ಬಿತ್ತು, ಹಸಿರು ಗೆದ್ದಿತು. ಅದು ಬೇರೆ.

ಹಾಗಾಗಿ ಈ ವರ್ಷ ಮತ್ತೆ ಕೇಳಿದ್ದೇನೆ. ಎಂಟಕ್ಕೆ ಬದಲು ಆರರವರೆಗೆ ಸಾಕು, ಗೆರೆಯಲ್ಲಿ ನಿಲ್ಲಲು ನಮ್ಮ ಹಳೆ ವಿದ್ಯಾರ್ಥಿಗಳನ್ನು ಕರೆಯೋಣ, ಬೆಳಿಗ್ಗೆ ಒಂಬತ್ತೂವರೆಗೇ ಶುರು ಮಾಡೋಣ, ನಾಲ್ಕೂವರೆಯ ಒಳಗೆ ಮುಗಿಯದಿದ್ದರೆ ಬಸ್ಸು ತಪ್ಪಿದವರಿಗೆ ಆಟೋ ನಾನು ಮಾಡಿಕೊಡುತ್ತೇನೆ ಎಂದು. ಬಸ್ಸು ತಪ್ಪಿದ ಟೀಚರ್ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಆರು ಬೇಡ, ಎಂಟೇ ಇರಲಿ, ಆದರೆ ಆ ಅರ್ಧರ್ಧದ ಲೆಕ್ಕ ನೀವೇ ಮಾಡಿ" ಎಂದರು. ಎಚ್‌ಎಂ ಇನ್ನೂ ಏನೂ ಹೇಳಿಲ್ಲ. ಸೋಮವಾರ ಹೇಳುತ್ತಾರಂತೆ.

ಉಪಜಿಲ್ಲೆಗೆ ಹೋಗುವ ದಿನಕ್ಕೆ ಮಾತ್ರ ಒಂದು ವಿಷಯ ನಾನೇ ತೀರ್ಮಾನ ಮಾಡಿದ್ದೇನೆ, ಯಾರನ್ನೂ ಕೇಳಲಿಲ್ಲ. ಮಕ್ಕಳ ಚೀಲಗಳನ್ನೆಲ್ಲ ಜೀಪಿನೊಳಗೇ ಇಟ್ಟು ಬೀಗ ಹಾಕುವುದು. ಕೀ ನನ್ನ ಕಿಸೆಯಲ್ಲಿ ಇರುತ್ತದೆ.